ಓದುಗರ ಪ್ರಶ್ನೆ: ಗಾಳಿ ಎದ್ದರೆ ಲಂಗರು ಜಾರುತ್ತದೆ, ಇನ್ನೂ ಭಾರದ ಲಂಗರು ತರಬೇಕೆ?

ಪ್ರಶ್ನೆ: ಗೋವಾದ ವಾಸ್ಕೊದ ಖಾರಿವಾಡದಲ್ಲಿ ನಮ್ಮ 22 ಅಡಿಯ ಫೈಬರ್ ದೋಣಿ ಇದೆ. ಗಾಳ ಹಾಕಲು ಗ್ರಾಂಡೆ ದ್ವೀಪದ ಕಡೆ ಹೋಗುತ್ತೇವೆ, ಕೆಲವು ರಾತ್ರಿ ಜುವಾರಿ ನದಿಯಲ್ಲೇ ನಿಲ್ಲುತ್ತೇವೆ. ಈಗ ಇರುವುದು 10 ಕೆಜಿ ಲಂಗರು, 2 ಮೀಟರ್ ಚೈನ್, ಉಳಿದದ್ದೆಲ್ಲ ನೀಲಿ ಪಿಪಿ (ಪಾಲಿಪ್ರೊಪಿಲೀನ್) ಹಗ್ಗ. ಗಾಳಿ ಬಂದಾಗ ಜಾರುತ್ತದೆ. 15 ಕೆಜಿಯದು ತಂದರೆ ಸರಿಹೋಗುತ್ತದೆಯೇ?

ಉತ್ತರ: ಬೇಡ. ನಿಮ್ಮ ದೋಣಿಗೆ 10 ಕೆಜಿ ಸಾಕು. ಆ ದುಡ್ಡನ್ನು ಚೈನ್ ಮತ್ತು ಹಗ್ಗಕ್ಕೆ ಹಾಕಿ. ಲಂಗರು ದೋಣಿಯನ್ನು ಹಿಡಿಯುವುದು ಬರೀ ಭಾರದಿಂದಲ್ಲ, ಅಲಗು ನೆಲದೊಳಗೆ ಹೂತುಕೊಳ್ಳುವುದರಿಂದ. ನೆಲಕ್ಕೆ ಸಮನಾಗಿ ಅಡ್ಡಲಾಗಿ ಎಳೆದರೆ ಅಲಗು ಇನ್ನಷ್ಟು ಕೆಳಗೆ ಹೋಗುತ್ತದೆ, ಮೇಲ್ಮುಖವಾಗಿ ಎಳೆದರೆ ಕಿತ್ತು ಬರುತ್ತದೆ. ಎಳೆತ ಅಡ್ಡವಾಗಿಯೇ ಇರುವಂತೆ ನೋಡಿಕೊಳ್ಳುವುದು ಚೈನಿನ ಭಾರ ಮತ್ತು ಹಗ್ಗದ ಉದ್ದ. ನಿಮ್ಮಲ್ಲಿ ಎರಡೂ ಕಡಿಮೆ ಇವೆ. ಪಿಪಿ ಹಗ್ಗ ನೀರಿನಲ್ಲಿ ತೇಲುವುದರಿಂದ, ಇರುವ 2 ಮೀಟರ್ ಚೈನನ್ನೂ ಮೇಲಕ್ಕೆತ್ತಲು ನೋಡುತ್ತದೆ.

ಮೊದಲು ಉದ್ದದ ಲೆಕ್ಕ. ನೀರಿನ ಆಳಕ್ಕೆ ನೀರಿನಿಂದ ದೋಣಿಯ ಮೂತಿಯ ಎತ್ತರ ಕೂಡಿಸಿ, ಚೈನ್, ಹಗ್ಗ ಎರಡೂ ಸೇರಿ ಅದರ 7 ಪಟ್ಟು ಬಿಡಬೇಕು. ಸಮುದ್ರ ಶಾಂತವಾಗಿದ್ದು ಜನ ದೋಣಿಯಲ್ಲೇ ಎಚ್ಚರ ಇದ್ದರೆ 5 ಪಟ್ಟು ಸಾಕು. ಇಲ್ಲಿ ಹೆಚ್ಚಿನವರು ತಪ್ಪುವುದು ಉಬ್ಬರದ ಲೆಕ್ಕದಲ್ಲಿ. ಗೋವಾದಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರು ಸುಮಾರು 2 ಮೀಟರ್ ಏರಿಳಿಯುತ್ತದೆ. ಇಳಿತದಲ್ಲಿ 6 ಮೀಟರ್ ನೀರು ನೋಡಿ, ಮೂತಿಯ 1 ಮೀಟರ್ ಸೇರಿಸಿ, 3 ಪಟ್ಟಿನ ಲೆಕ್ಕದಲ್ಲಿ 21 ಮೀಟರ್ ಬಿಟ್ಟು ಮಲಗಿದಿರಿ ಎನ್ನಿ. ನಡುರಾತ್ರಿ ಉಬ್ಬರ ಬಂದಾಗ ಅದು 2.3 ಪಟ್ಟು ಮಾತ್ರ. ಜಾರುವುದು ಆಗಲೇ. ಅದೇ ಜಾಗಕ್ಕೆ ಸರಿಯಾದ ಲೆಕ್ಕ 6 + 2 + 1, ಅಂದರೆ 9 ಮೀಟರ್. ಅದರ 7 ಪಟ್ಟು 63 ಮೀಟರ್. ಮುಂಬೈಯಲ್ಲಿ ದೊಡ್ಡ ಉಬ್ಬರ 4 ಮೀಟರ್ ದಾಟುತ್ತದೆ, ದೋಣಿ ಅಲ್ಲಿಗೆ ಒಯ್ದರೆ ಲೆಕ್ಕ ಹೊಸದಾಗಿ ಹಾಕಬೇಕು.

ಹಾಗಾಗಿ ನಿಮಗೆ ಬೇಕಾದದ್ದು 8 ಎಂಎಂ ಚೈನ್ 8 ಮೀಟರ್, 12 ಎಂಎಂ ಮೂರು ಎಳೆಯ ನೈಲಾನ್ ಹಗ್ಗ 60 ಮೀಟರ್. ಚೈನ್ ಕನಿಷ್ಠ ದೋಣಿಯ ಉದ್ದದಷ್ಟಾದರೂ ಇರಲಿ. 8 ಎಂಎಂ ಚೈನ್ ಮೀಟರಿಗೆ ಸುಮಾರು 1.4 ಕೆಜಿ ತೂಗುತ್ತದೆ, 8 ಮೀಟರಿಗೆ 11 ಕೆಜಿ. ಲಂಗರು ಸೇರಿ ಸುಮಾರು 21 ಕೆಜಿ, ಒಬ್ಬ ಆಳು ಕೈಯಲ್ಲಿ ಎಳೆಯಬಹುದು. 6 ಎಂಎಂ ಚೈನ್ ತಡೆಯುವುದು ಸುಮಾರು 1.6 ಟನ್, 8 ಎಂಎಂ ಅದರ ಎರಡು ಪಟ್ಟು. 12 ಎಂಎಂ ನೈಲಾನಿನ ಬಲವೂ 3 ಟನ್‌ನ ಹತ್ತಿರ ಇರುವುದರಿಂದ ಜೋಡಿ ಸರಿಹೊಂದುತ್ತದೆ. ಹೊಸದರಲ್ಲಿ 6 ಎಂಎಂ ಕೂಡ ಸಾಕಾದೀತು, ಆದರೆ ಉಪ್ಪುನೀರಿನಲ್ಲಿ ಸವೆಯಲು ಅದರಲ್ಲಿ ಹೆಚ್ಚು ಲೋಹ ಉಳಿದಿರುವುದಿಲ್ಲ.

ನೈಲಾನೇ ಯಾಕೆ? ಜೋರು ಗಾಳಿಯಲ್ಲಿ ಚೈನ್ ನೆಟ್ಟಗಾಗಿ ಬಿಡುತ್ತದೆ, ಅದರ ಭಾರದ ಉಪಕಾರ ಅಲ್ಲಿಗೆ ಮುಗಿಯಿತು. ಆಮೇಲೆ ಅಲೆಯ ಏಟನ್ನು ತಡೆದುಕೊಳ್ಳುವುದು ಹಗ್ಗದ ಹಿಗ್ಗು ಮಾತ್ರ. ಪಾಲಿಯೆಸ್ಟರ್ ಅಷ್ಟು ಹಿಗ್ಗುವುದಿಲ್ಲ. ಪಿಪಿ ಬಿಸಿಲಿಗೆ ಬೇಗ ಪುಡಿಪುಡಿಯಾಗುತ್ತದೆ, ತೇಲುವ ಕಾರಣ ಪಕ್ಕದ ದೋಣಿಯ ಪ್ರೊಪೆಲರ್‌ಗೂ ಸುತ್ತಿಕೊಳ್ಳುತ್ತದೆ. ಅಂಗಡಿಯಲ್ಲಿ ಒಂದು ತುಂಡು ನೀರಿಗೆ ಹಾಕಿ ನೋಡಿ: ತೇಲಿದರೆ ಅದು ನೈಲಾನ್ ಅಲ್ಲ. ಕೆಜಿ ಲೆಕ್ಕದಲ್ಲಿ ಮಾರುವ ಕಡೆ, 60 ಮೀಟರಿಗೆ ಸುಮಾರು ಐದೂವರೆ ಕೆಜಿ ಬರಬೇಕು.

ಚೈನ್ ಕೊಳ್ಳುವಾಗ ಹೊಳಪು ನೋಡಿ ಮರುಳಾಗಬೇಡಿ. ಕನ್ನಡಿಯಂತೆ ಹೊಳೆಯುವುದಕ್ಕೆ ಸಾಮಾನ್ಯವಾಗಿ ತೆಳು ಸತುವಿನ ಲೇಪ ಇರುತ್ತದೆ, ಉಪ್ಪುನೀರಿನಲ್ಲಿ ಒಂದು ಸೀಸನ್ನೂ ಬಾಳುವುದು ಕಷ್ಟ. ಬೇಕಾದದ್ದು ಕರಗಿದ ಸತುವಿನಲ್ಲಿ ಅದ್ದಿದ, ಮಂಕು ಬೂದು ಬಣ್ಣದ, ಮುಟ್ಟಿದರೆ ಸ್ವಲ್ಪ ಒರಟಾದ ಚೈನ್. ಕೊಂಡಿಗಳು ಗಿಡ್ಡವಾಗಿರಲಿ, ಉದ್ದ ಕೊಂಡಿ ಮೂತಿಯ ರೋಲರ್ ಮೇಲೆ ಬಾಗುತ್ತದೆ. ಇಲ್ಲಿಯ ಕೆಸರಿಗೆ ಸ್ಟೇನ್‌ಲೆಸ್ ಚೈನ್ ಬೇಡ ಎನ್ನುವುದು ನಮ್ಮ ಖಚಿತ ಅಭಿಪ್ರಾಯ. ಬಿಸಿ ಕೆಸರಿನಲ್ಲಿ ಆಮ್ಲಜನಕ ಸಿಗದೆ ಅದರ ಮೇಲ್ಪದರ ಕೆಟ್ಟು ಸೂಜಿಮೊನೆಯಂಥ ತೂತುಗಳು ಬೀಳುತ್ತವೆ, ಮೇಲೆ ಮಾತ್ರ ಹೊಸದರಂತೆ ಕಾಣುತ್ತದೆ.

ಇನ್ನು ಕೀಲುಗಳು. ಲಂಗರು ಕಳೆದುಕೊಂಡವರಲ್ಲಿ ನಡು ಹಗ್ಗ ತುಂಡಾಗಿ ಕಳೆದುಕೊಂಡವರು ಅಪರೂಪ. ಹೋಗುವುದು ಶ್ಯಾಕಲ್ (ಪಿನ್ ಹಾಕಿ ಮುಚ್ಚುವ ಯು ಆಕಾರದ ಕೊಂಡಿ) ಪಿನ್ ಬಿಚ್ಚಿಕೊಂಡು, ಇಲ್ಲವೇ ಹಗ್ಗ ಚೈನಿಗೆ ಉಜ್ಜಿ. ಶ್ಯಾಕಲ್ ಚೈನಿಗಿಂತ ಒಂದು ಸೈಜ್ ದೊಡ್ಡದಿರಬೇಕು, 8 ಎಂಎಂ ಚೈನಿಗೆ 10 ಎಂಎಂ. ಅಂಗಡಿಗೆ ಹೋಗುವಾಗ ಚೈನನ್ನೇ ಒಯ್ಯಿರಿ, ಕೊನೆಯ ಕೊಂಡಿಯೊಳಗೆ ಹೋಗುತ್ತದೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ತಡೆಯುವ ಭಾರದ ಅಂಕಿ ಅದರ ಮೇಲೆ ಅಚ್ಚಾಗಿರದಿದ್ದರೆ ಬಿಟ್ಟುಬಿಡಿ. ಶ್ಯಾಕಲ್ ಕೂಡ ಗ್ಯಾಲ್ವನೈಸ್ಡ್ (ಸತು ಲೇಪಿಸಿದ್ದು) ಆಗಿರಲಿ, ಸ್ಟೇನ್‌ಲೆಸ್ ಹಾಕಿದರೆ ಅದಕ್ಕೆ ತಾಗುವ ಕೊಂಡಿಗಳ ಸತು ಮೊದಲು ತಿಂದುಹೋಗುತ್ತದೆ. ಪಿನ್ ಬಿಗಿದ ಮೇಲೆ ಅದರ ಕಿವಿಯ ತೂತಿನಿಂದ ಶ್ಯಾಕಲ್ ಮೈಗೆ ತಂತಿಯನ್ನು ಎರಡು ಸುತ್ತು ಹಾಕಿ ತಿರುಚಿ. ಉಬ್ಬರ ಇಳಿತಕ್ಕೆ ಜುವಾರಿಯಲ್ಲಿ ದೋಣಿ ದಿನಕ್ಕೆ ಹಲವು ಬಾರಿ ದಿಕ್ಕು ಬದಲಿಸುತ್ತದೆ; ತಂತಿ ಇಲ್ಲದ ಪಿನ್ ಅಷ್ಟಕ್ಕೇ ಸಡಿಲವಾಗುತ್ತದೆ. ಸ್ವಿವೆಲ್ (ತಿರುಗುವ ಕೀಲು) ನಿಮಗೆ ಬೇಕಿಲ್ಲ.

ಹಗ್ಗವನ್ನು ಚೈನಿಗೆ ಗಂಟು ಹಾಕಿ ಕಟ್ಟಬೇಡಿ. ಗಂಟು ಬಿದ್ದ ಕಡೆ ಹಗ್ಗದ ಬಲ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ, ಚೆನ್ನಾಗಿ ಹೆಣೆದ ಸ್ಪ್ಲೈಸ್‌ನಲ್ಲಿ (ಎಳೆಗಳನ್ನು ಹಗ್ಗದೊಳಗೇ ತೂರಿಸಿ ಮಾಡುವ ಜೋಡಣೆ) ನಷ್ಟ ತೀರಾ ಕಡಿಮೆ. ಹಗ್ಗದ ತುದಿಯ ಮೂರೂ ಎಳೆಗಳನ್ನು 25 ಸೆಂಟಿಮೀಟರ್ ಬಿಡಿಸಿ, ತುದಿಗಳನ್ನು ಕರಗಿಸಿ ಗಟ್ಟಿ ಮಾಡಿ, ಲೋಹದ ಥಿಂಬಲ್ (ಚೈನಿನ ಶ್ಯಾಕಲ್ ಹಿಡಿಯುವ, ಹಗ್ಗದ ಕುಣಿಕೆಯೊಳಗೆ ಕೂರುವ ಬಳೆ) ಸುತ್ತ ಬಿಗಿಯಾಗಿ ತಂದು, ಹಗ್ಗದ ಹುರಿಗೆ ಎದುರಾಗಿ ಒಂದೊಂದು ಎಳೆಯನ್ನೂ ಕನಿಷ್ಠ 5 ಸಲ ತೂರಿಸಿ. ನೈಲಾನ್ ಜಾರುವ ಸ್ವಭಾವದ್ದು, 3 ಸಲ ತೂರಿಸಿದರೆ ಸಾಲದು. ಭಾರ ಬಿದ್ದಾಗ ಹಗ್ಗದ ಕುಣಿಕೆ ಹಿಗ್ಗಿ ಥಿಂಬಲ್ ಓರೆಯಾಗಬಹುದು, ಅದಕ್ಕೆ ಕುತ್ತಿಗೆಯಲ್ಲಿ ದಾರದಿಂದ ಬಿಗಿಯಾಗಿ ಸುತ್ತಿ ಕಟ್ಟಿ.

ಮೂತಿಯಲ್ಲಿ ಹಗ್ಗ ಫೈಬರ್ ಅಂಚಿಗೆ ತಾಗುವ ಜಾಗಕ್ಕೆ ಹಳೆಯ ಫೈರ್ ಹೋಸ್ ಪೈಪಿನ ಒಂದು ಅಡಿ ತುಂಡು ತೊಡಿಸಿ, ಎರಡೂ ತುದಿ ಕಟ್ಟಿ. ಪಿವಿಸಿ ಪೈಪ್ ಬೇಡ. ಪದೇ ಪದೇ ಹಿಗ್ಗಿ ಕುಗ್ಗುವಾಗ ನೈಲಾನ್ ಒಳಗೇ ಬಿಸಿಯಾಗುತ್ತದೆ; ನೀರು ತಾಗಿ ತಣಿಯದಿದ್ದರೆ ಪೈಪಿನೊಳಗೇ ಮೆತ್ತಗಾಗಿ ಹರಿಯುತ್ತದೆ.

ಗ್ರಾಂಡೆ ದ್ವೀಪದ ಬಂಡೆಗಳಿಗೆ ಬೇರೆ ಉಪಾಯ ಬೇಕು. ಚೈನಿನ ತುದಿಯನ್ನು ಲಂಗರಿನ ಅಲಗು ಸೇರುವ ಬುಡಕ್ಕೆ ಶ್ಯಾಕಲ್ ಹಾಕಿ, ದಂಡದ ಮೇಲ್ತುದಿಯ ತೂತಿಗೆ ಚೈನನ್ನು ತೆಳು ದಾರದಿಂದ ಕಟ್ಟಿ. ಲಂಗರು ಬಂಡೆಯಲ್ಲಿ ಸಿಕ್ಕಿದರೆ ನೇರ ಮೇಲಕ್ಕೆ ಜೋರಾಗಿ ಎಳೆಯಿರಿ, ದಾರ ಹರಿದು ಲಂಗರು ಹಿಂದುಮುಂದಾಗಿ ಬಿಡಿಸಿಕೊಂಡು ಬರುತ್ತದೆ. ಈ ಕಟ್ಟು ಗಾಳ ಹಾಕುವ ಹೊತ್ತಿಗೆ ಮಾತ್ರ. ರಾತ್ರಿ ನಿಲ್ಲುವ ಮೊದಲು ಚೈನನ್ನು ದಂಡದ ತೂತಿಗೇ ಹಾಕಬೇಕು.

ನಿರ್ವಹಣೆಗೆ ಒಳ್ಳೆಯ ಕಾಲ ಮೀನುಗಾರಿಕೆ ನಿಷೇಧದ ಜೂನ್ 1ರಿಂದ ಜುಲೈ 31. ದೋಣಿ ಹೇಗೂ ದಡದಲ್ಲಿರುತ್ತದೆ. ಚೈನ್ ಪೂರ್ತಿ ಹೊರಗೆ ಹಾಸಿ, ಅಂಟಿದ ಚಿಪ್ಪು ಕೆರೆದು, ಸಿಹಿನೀರಿನಲ್ಲಿ ತೊಳೆದು ಒಣಗಿಸಿ. ಎರಡು ಕೊಂಡಿಗಳು ಉಜ್ಜುವ ಒಳಬಾಗಿನಲ್ಲಿ ವರ್ನಿಯರ್ ಇಟ್ಟು ಅಳೆಯಿರಿ. 8 ಎಂಎಂ ಇದ್ದದ್ದು 7.2ಕ್ಕೆ ಬಂದಿದ್ದರೆ ಆ ಚೈನ್ ಮುಗಿಯಿತು. ಬೆರಳಿಗೆ ಅಂಟುವ ಕಂದು ಪುಡಿಗೆ ಹೆದರಬೇಕಿಲ್ಲ. ಪದರಪದರವಾಗಿ ಏಳುವ ತುಕ್ಕು ಕೆಟ್ಟದ್ದು. ಲಂಗರಿನ ಪಕ್ಕದ ಒಂದೆರಡು ಮೀಟರ್ ಮೊದಲು ಸವೆಯುವುದರಿಂದ ವರ್ಷಕ್ಕೊಮ್ಮೆ ಚೈನಿನ ತುದಿ ಅದಲುಬದಲು ಮಾಡಿ. ಚೈನ್ ಇಡುವ ಗೂಡಿನ ನೀರು ಹೋಗುವ ತೂತು ಕಟ್ಟಿಕೊಂಡಿದ್ದರೆ ಬಿಡಿಸಿ, ಅರ್ಧ ತುಕ್ಕು ಅಲ್ಲಿ ನಿಂತ ಉಪ್ಪುನೀರಿನದೇ.

ಹಗ್ಗವನ್ನು ಸಿಹಿನೀರಿನಲ್ಲಿ ನೆನೆಸಿ, ಸೌಮ್ಯ ಸೋಪಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ, ಬ್ಲೀಚ್ ತಾಗಿಸಬೇಡಿ. ಆಮೇಲೆ ಪ್ರತಿ ಎರಡು ಮೀಟರಿಗೆ ಒಂದು ಕಡೆ ಹುರಿ ಬಿಡಿಸಿ ಒಳಗೆ ನೋಡಿ. ಹೊರಗಿನ ನವಿರು ಜುಂಗು ಸಹಜ. ಒಳಗೆ ಬಿಳಿ ಪುಡಿ ಉದುರಿದರೆ, ಮೇಲ್ಮೈ ಗಾಜಿನಂತೆ ಗಟ್ಟಿಯಾಗಿದ್ದರೆ, ಒಂದೇ ಎಳೆ ಉಬ್ಬಿ ನಿಂತಿದ್ದರೆ ಅಷ್ಟು ಭಾಗ ಕತ್ತರಿಸಿ ಹೊಸ ಸ್ಪ್ಲೈಸ್ ಹಾಕಿ. ಪ್ರತಿ 10 ಮೀಟರಿಗೆ ಬಣ್ಣದ ದಾರ ತೂರಿಸಿ ಗುರುತು ಮಾಡಿದರೆ ಕತ್ತಲಲ್ಲೂ ಎಷ್ಟು ಬಿಟ್ಟಿರಿ ಎಂದು ಕೈಗೆ ತಿಳಿಯುತ್ತದೆ.

ಹಗ್ಗದ ಒಳತುದಿಯನ್ನು ಗೂಡಿನೊಳಗಿನ ಗಟ್ಟಿ ಕಣ್ಣಿಗೆ ತೆಳು ಹಗ್ಗದಿಂದ ನಾಲ್ಕು ಸುತ್ತು ಹಾಕಿ ಕಟ್ಟಿ, ಶ್ಯಾಕಲ್ ಹಾಕಬೇಡಿ. ದೊಡ್ಡ ಬಾರ್ಜ್ ನಿಮ್ಮ ಮೇಲೇ ಬರುತ್ತಿದ್ದು ಲಂಗರು ಎತ್ತಲು ಪುರುಸೊತ್ತಿಲ್ಲದಿದ್ದರೆ, ಆ ಸುತ್ತನ್ನು ಚಾಕುವಿನಿಂದ ಕೊಯ್ದು, ತುದಿಗೊಂದು ಖಾಲಿ ಕ್ಯಾನ್ ಕಟ್ಟಿ ನೀರಿಗೆ ಬಿಟ್ಟು ಹೊರಡಬಹುದು. ಚಾಕುವೂ ಕ್ಯಾನೂ ಮೂತಿಯ ಹತ್ತಿರವೇ ಇರಲಿ.