ಹಿರಿಯರ ಹೇಳಿಕೆಯೂ ದಾಖಲೆಯೇ

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಗಿಟ್‌ಕ್ಸಾನ್ ಮತ್ತು ವೆಟ್ಸುವೆಟೆನ್ ಎಂಬ ಎರಡು ಮೂಲನಿವಾಸಿ ಸಮುದಾಯಗಳು ತಮ್ಮ ಪೂರ್ವಜರ ಸುಮಾರು 58,000 ಚದರ ಕಿಲೋಮೀಟರ್ ನೆಲದ ಮೇಲೆ ಹಕ್ಕು ಸಾಧಿಸಲು ಹೂಡಿದ ದಾವೆಯ ವಿಚಾರಣೆ 1987ರಲ್ಲಿ ಆರಂಭವಾಯಿತು. ಗಿಟ್‌ಕ್ಸಾನರ ಮುಖ್ಯಸ್ಥೆ ಮೇರಿ ಜಾನ್ಸನ್ ಸಾಕ್ಷಿ ಕಟ್ಟೆಯಲ್ಲಿ ನಿಂತು ತಮ್ಮ ಮನೆತನದ ಚರಿತ್ರೆಯನ್ನು ನಿರೂಪಿಸುತ್ತ, ಅದರ ಅವಿಭಾಜ್ಯ ಅಂಗವಾದ ಹಾಡೊಂದನ್ನು ಹಾಡಲು ಮುಂದಾದಾಗ ನ್ಯಾಯಾಧೀಶ ಅಲನ್ ಮೆಕ್‌ಎಕರ್ನ್ ಆಕ್ಷೇಪಿಸಿದರು. ನ್ಯಾಯಾಲಯದಲ್ಲಿ ಸಾಕ್ಷಿಗಳು ಹಾಡುವುದು ಸರಿಯಾದ ಕ್ರಮವಲ್ಲ, ಅಲ್ಲದೆ ತಮಗೆ ಸಂಗೀತದ ಕಿವಿಯೂ ಇಲ್ಲ ಎಂಬುದು ಅವರ ಮಾತಿನ ತಾತ್ಪರ್ಯವಾಗಿತ್ತು. ಆಕೆ ಹಾಡಿದರು. 374 ದಿನ ನಡೆದ ವಿಚಾರಣೆಯ ಬಳಿಕ 1991ರಲ್ಲಿ ಬಂದ ತೀರ್ಪು ಆ ಹಾಡಿಗೂ ಅಂಥ ಮೌಖಿಕ ಚರಿತ್ರೆಗಳಿಗೂ ನೆಲದ ಹಕ್ಕನ್ನು ಸಾಬೀತುಪಡಿಸುವಷ್ಟು ತೂಕವಿಲ್ಲವೆಂದು ದಾವೆಯನ್ನು ತಳ್ಳಿಹಾಕಿತು.

ಅರಣ್ಯ ಹಕ್ಕಿನ ಅರ್ಜಿಗಳಲ್ಲಿ ಹಾಡಿಗಳ, ಅಂದರೆ ಕಾಡಿನ ಬುಡಕಟ್ಟು ಜನವಸತಿಗಳ, ಪರವಾಗಿ ಕೆಲಸ ಮಾಡುವ ವಕೀಲನಾಗಿ ನಾನು ಈ ಮೊಕದ್ದಮೆಯನ್ನು ಮತ್ತೆ ಮತ್ತೆ ನೆನೆಯಬೇಕಾಗುತ್ತದೆ. ಪೂರ್ವಜರ ನೆಲವನ್ನು ಮೂಲನಿವಾಸಿಗಳಿಗೆ ಮರಳಿಸಬೇಕೆಂಬ ಚಳವಳಿ ಇಂದು ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಜೋರಾಗಿದೆ. ಅದರ ಬಗೆಗಿನ ಚರ್ಚೆಯೆಲ್ಲ ನ್ಯಾಯ, ಪರಿಹಾರ, ಪರಿಸರ ಎಂಬ ದೊಡ್ಡ ಮಾತುಗಳ ಸುತ್ತ ಸುತ್ತುತ್ತದೆ. ಆದರೆ ಕಡತ ಹಿಡಿದು ಕುಳಿತವರಿಗೆ ಗೊತ್ತಿರುವ ಸಂಗತಿ ಬೇರೆ: ನೆಲ ಮರಳುವುದೋ ಇಲ್ಲವೋ ಎಂಬುದು ಬಹುಪಾಲು ತೀರ್ಮಾನವಾಗುವುದು ಸಾಕ್ಷ್ಯದ ಪ್ರಶ್ನೆಯಲ್ಲಿ. ನೆಲ ಕಿತ್ತುಕೊಂಡವರ ಬಳಿ ಕಾಗದವಿರುತ್ತದೆ, ಕಳೆದುಕೊಂಡವರ ಬಳಿ ನೆನಪಿರುತ್ತದೆ. ಇವೆರಡರಲ್ಲಿ ಯಾವುದನ್ನು ಪುರಾವೆಯೆಂದು ಕರೆಯಬೇಕೆಂಬ ನಿಯಮವನ್ನು ಬರೆಯುವವರು ಮೊದಲನೆಯವರೇ.

ಗಿಟ್‌ಕ್ಸಾನರ ಮೌಖಿಕ ಚರಿತ್ರೆಯನ್ನು ಅಜ್ಜಿ ಹೇಳುವ ಕಥೆಯೆಂದು ಭಾವಿಸಿದರೆ ತಪ್ಪಾಗುತ್ತದೆ. ಒಂದು ಮನೆತನ ಯಾವ ಹೊಳೆಯಲ್ಲಿ ಮೀನು ಹಿಡಿಯುತ್ತದೆ, ಯಾವ ಬೆಟ್ಟದ ತಪ್ಪಲಿನವರೆಗೆ ಬೇಟೆಯಾಡುತ್ತದೆ, ಆ ಎಲ್ಲೆ ಯಾರಿಂದ ಯಾರಿಗೆ ಬಂತು ಎಂಬುದನ್ನು ಹೊಸ ಮುಖ್ಯಸ್ಥರು ಹೆಸರು ಪಡೆಯುವ ಔತಣಕೂಟದಲ್ಲಿ, ನೆರೆಯ ಮನೆತನಗಳ ಎದುರಿನಲ್ಲಿ ಹೇಳಲಾಗುತ್ತದೆ. ಎಲ್ಲೆ ತಪ್ಪಿದರೆ ಆಕ್ಷೇಪಿಸಬೇಕಾದವರೂ ಅಲ್ಲೇ ಕುಳಿತಿರುತ್ತಾರೆ, ಮೌನವಾಗಿ ಊಟ ಮಾಡಿ ಹೋದವರು ಒಪ್ಪಿದಂತಾಗುತ್ತದೆ. ನಮ್ಮ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಇಬ್ಬರು ಸಾಕ್ಷಿಗಳು ಪತ್ರವನ್ನು ಓದದೆಯೇ ಸಹಿ ಹಾಕುವ ಪದ್ಧತಿಗೆ ಹೋಲಿಸಿದರೆ ಇದು ಹೆಚ್ಚು ಕಟ್ಟುನಿಟ್ಟಾದ ವ್ಯವಸ್ಥೆ ಎಂದು ನನಗೆ ಅನ್ನಿಸುತ್ತದೆ.

1997ರ ಡಿಸೆಂಬರ್‌ನಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಕೆಳಗಿನ ತೀರ್ಪನ್ನು ರದ್ದುಪಡಿಸಿತು. ಡೆಲ್ಗಮೂಕ್ ಪ್ರಕರಣವೆಂದು ಹೆಸರಾದ ಈ ತೀರ್ಪಿನಲ್ಲಿ ಮುಖ್ಯ ನ್ಯಾಯಮೂರ್ತಿ ಆಂಟೋನಿಯೊ ಲಾಮೆರ್, ಮೌಖಿಕ ಚರಿತ್ರೆಯನ್ನು ಲಿಖಿತ ದಾಖಲೆಗಳಿಗೆ ಸರಿಸಮನಾಗಿ ಪರಿಗಣಿಸಬೇಕು ಎಂದರು. ಆದರೂ ಆ ಸಮುದಾಯಗಳಿಗೆ ನೆಲ ಸಿಗಲಿಲ್ಲ. ಮರುವಿಚಾರಣೆಗೆ ಆದೇಶವಾಯಿತು, ಅದು ನಡೆಯಲೇ ಇಲ್ಲ. ತೀರ್ಪಿನ ಫಲ ದಕ್ಕಿದ್ದು ಬೇರೆಯವರಿಗೆ: ಅದೇ ಪ್ರಾಂತ್ಯದ ಸಿಲ್ಕೋಟಿನ್ ಸಮುದಾಯಕ್ಕೆ 2014ರಲ್ಲಿ ಸುಪ್ರೀಂ ಕೋರ್ಟ್ 1,700 ಚದರ ಕಿಲೋಮೀಟರಿಗಿಂತ ಹೆಚ್ಚಿನ ಪ್ರದೇಶದ ಒಡೆತನವನ್ನು ಘೋಷಿಸಿತು. ಆ ದೇಶದ ನ್ಯಾಯಾಲಯವೊಂದು ನಿರ್ದಿಷ್ಟ ನೆಲಕ್ಕೆ ಮೂಲನಿವಾಸಿ ಒಡೆತನ ಘೋಷಿಸಿದ್ದು ಅದೇ ಮೊದಲು. ಅಲ್ಲಿಯೂ ವಿಚಾರಣೆ ಮುನ್ನೂರಕ್ಕೂ ಹೆಚ್ಚು ದಿನ ಹಿಡಿದಿತ್ತು.

ಕಾಗದವನ್ನೇ ನಂಬಿ ಕುಳಿತರೆ ಏನಾಗುತ್ತದೆ ಎಂಬುದಕ್ಕೆ ಆಸ್ಟ್ರೇಲಿಯಾದ ಯೋರ್ಟಾ ಯೋರ್ಟಾ ಪ್ರಕರಣಕ್ಕಿಂತ ಕಹಿಯಾದ ಉದಾಹರಣೆ ನನಗೆ ಗೊತ್ತಿಲ್ಲ. ಮರ್ರೆ ನದಿಯ ದಂಡೆಯ ಈ ಜನರ ಹಕ್ಕುಸಾಧನೆಯನ್ನು 1998ರಲ್ಲಿ ನ್ಯಾಯಮೂರ್ತಿ ಓಲ್ನಿ ತಿರಸ್ಕರಿಸಿದಾಗ, ಸಮುದಾಯದ ಸಾಕ್ಷಿಗಳು ಹೇಳಿದ್ದಕ್ಕಿಂತ, 1840ರ ದಶಕದಲ್ಲಿ ಅದೇ ನೆಲದಲ್ಲಿ ಕುರಿ ಮೇಯಿಸಲು ಬಂದು ನೆಲೆಯೂರಿದ್ದ ಎಡ್ವರ್ಡ್ ಕರ್ ಎಂಬ ಬಿಳಿಯನ ಬರಹಕ್ಕೆ ಹೆಚ್ಚು ಬೆಲೆ ಕೊಟ್ಟರು. ಇನ್ನೂ ವಿಚಿತ್ರವೆಂದರೆ, 1881ರಲ್ಲಿ ಆ ಜನರ ಹಿರಿಯರು ತಮಗೆ ಬದುಕಲು ಒಂದಿಷ್ಟು ನೆಲ ಕೊಡಿರೆಂದು ಗವರ್ನರಿಗೆ ಸಲ್ಲಿಸಿದ್ದ ಮನವಿಯನ್ನೇ, ಅವರು ಆ ಹೊತ್ತಿಗಾಗಲೇ ನೆಲವನ್ನೂ ಸಂಪ್ರದಾಯವನ್ನೂ ಕಳೆದುಕೊಂಡಿದ್ದರು ಎಂಬುದಕ್ಕೆ ಪುರಾವೆಯಾಗಿ ಬಳಸಲಾಯಿತು. ನೆಲ ಕೇಳಿ ಬರೆದ ಅರ್ಜಿ ಮೊಮ್ಮಕ್ಕಳ ಕಾಲಕ್ಕೆ ನೆಲವಿಲ್ಲವೆನ್ನುವ ದಾಖಲೆಯಾಯಿತು. 2002ರಲ್ಲಿ ಅಲ್ಲಿನ ಹೈಕೋರ್ಟ್, ಅಂದರೆ ಆ ದೇಶದ ಅತ್ಯುನ್ನತ ನ್ಯಾಯಾಲಯ, ಈ ತೀರ್ಪನ್ನು ಎತ್ತಿಹಿಡಿಯಿತು.

ಇವುಗಳ ಪಕ್ಕದಲ್ಲಿ, ಕಾಡಿನಲ್ಲಿ ಬಾಳಿಬಂದವರ ಹಕ್ಕನ್ನು ಮಾನ್ಯ ಮಾಡುವ ನಮ್ಮ 2006ರ ಅರಣ್ಯ ಹಕ್ಕು ಕಾಯ್ದೆಯನ್ನು ಇಟ್ಟು ಓದಿದರೆ ಅಚ್ಚರಿಯಾಗುತ್ತದೆ. ಕೆನಡಾದ ಸಮುದಾಯಗಳು ದಶಕಗಳ ಕಾಲ ಹೋರಾಡಿ ಪಡೆದುದನ್ನು ಈ ಕಾಯ್ದೆಯಡಿ ರೂಪಿಸಿದ ನಿಯಮಗಳ 13ನೇ ನಿಯಮ ನೇರವಾಗಿಯೇ ಬರೆದುಕೊಟ್ಟಿದೆ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರಹಕ್ಕೆ ಇಳಿಸಿದ್ದು, ಬಾವಿ, ಸ್ಮಶಾನ, ದೇವರ ತಾಣ, ವಂಶಾವಳಿ, ಸಂಸ್ಥಾನದ ಕಾಲದ ದಾಖಲೆ ಎಲ್ಲವೂ ಅಲ್ಲಿ ಸಾಕ್ಷ್ಯಗಳೇ. ಇವುಗಳಲ್ಲಿ ಒಂದಕ್ಕಿಂತ ಹೆಚ್ಚು ಇರಬೇಕು, ಅಷ್ಟೆ. 2012ರ ತಿದ್ದುಪಡಿ ಇನ್ನೂ ಮುಂದೆ ಹೋಗಿ, ಇಂಥದ್ದೇ ಲಿಖಿತ ದಾಖಲೆ ಬೇಕೆಂದು ಅರ್ಜಿ ಪರಿಶೀಲಿಸುವ ಉಪವಿಭಾಗ ಮತ್ತು ಜಿಲ್ಲಾ ಮಟ್ಟದ ಸಮಿತಿಗಳು ಪಟ್ಟು ಹಿಡಿಯಬಾರದು, ಉಪಗ್ರಹ ಚಿತ್ರ ಇತರ ಸಾಕ್ಷ್ಯಕ್ಕೆ ಪೂರಕವಾಗಬಹುದೇ ಹೊರತು ಅದರ ಸ್ಥಾನವನ್ನು ಆಕ್ರಮಿಸಬಾರದು ಎಂದಿದೆ. ಅರ್ಜಿಯನ್ನು ಗ್ರಾಮಸಭೆಯ ಮುಂದಿಟ್ಟು, ನೆರೆಹೊರೆಯವರ ಎದುರಿನಲ್ಲೇ ನಿರ್ಣಯಿಸುವ ಕ್ರಮವೂ ಗಿಟ್‌ಕ್ಸಾನರ ಔತಣಕೂಟದಿಂದ ಬಹಳ ದೂರದ್ದಲ್ಲ.

ಹಾಗಾದರೆ ಅರ್ಜಿಗಳು ಬೀಳುವುದು ಎಲ್ಲಿ? ಮೊದಲನೆಯದಾಗಿ, ಉಪವಿಭಾಗ ಮಟ್ಟದ ಸಮಿತಿಯ ಮೇಜಿನ ಮೇಲೆ ಇವತ್ತಿಗೂ ಉಪಗ್ರಹ ಚಿತ್ರವೇ ಕೊನೆಯ ಮಾತಾಗುವ ಪ್ರವೃತ್ತಿಯಿದೆ. ಮರಗಳ ನೆರಳಿನಲ್ಲಿ ಬಿದಿರು ಮತ್ತು ಹುಲ್ಲಿನಿಂದ ಕಟ್ಟಿದ ಗುಡಿಸಲು ಆಕಾಶದಿಂದ ಕಾಣುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, 1980ರ ಹೊತ್ತಿಗೆ ಹೊರಹಾಕಲ್ಪಟ್ಟ ಕುಟುಂಬದ ಮನೆಯನ್ನು 1985ರ ಚಿತ್ರದಲ್ಲಿ ಹುಡುಕುವುದರಲ್ಲಿ ಯಾವ ಅರ್ಥವಿದೆ? ಕಾಯ್ದೆಯ 3(1)(ಎಂ) ಉಪಖಂಡ ಇರುವುದೇ 2005ರ ಡಿಸೆಂಬರ್ 13ಕ್ಕೆ ಮುನ್ನ ಪುನರ್ವಸತಿಯಿಲ್ಲದೆ ಅಕ್ರಮವಾಗಿ ಒಕ್ಕಲೆಬ್ಬಿಸಲ್ಪಟ್ಟವರಿಗಾಗಿ. ನೆಲ ಮರಳಿಸುವುದಕ್ಕೆ ನಮ್ಮ ಕಾನೂನಿನಲ್ಲಿ ಇರುವ ಅತ್ಯಂತ ನೇರವಾದ ಬಾಗಿಲು ಅದು, ಅತ್ಯಂತ ಕಡಿಮೆ ಬಳಕೆಯಾದದ್ದೂ ಅದೇ. 2025ರ ಮೇ ತಿಂಗಳಲ್ಲಿ ಐವತ್ತಕ್ಕೂ ಹೆಚ್ಚು ಜೇನುಕುರುಬ ಕುಟುಂಬಗಳು ನಾಗರಹೊಳೆಯ ಕರಡಿಕಲ್ಲು ಅತ್ತೂರುಕೊಲ್ಲಿಗೆ ಮರಳಿ ಬಂದು ಗುಡಿಸಲು ಹಾಕಿದ್ದು, ಕಡತ ಸರಿದಾಡುವುದನ್ನು ಕಾಯುವ ತಾಳ್ಮೆ ಮುಗಿದಾಗ ಜನ ಏನು ಮಾಡುತ್ತಾರೆ ಎಂಬುದನ್ನು ತೋರಿಸಿತು.

ಎರಡನೆಯದು ನಮ್ಮ ಕಡೆಯದೇ ದೋಷ, ಅದನ್ನು ಮುಚ್ಚಿಡುವುದರಿಂದ ಯಾರಿಗೂ ಉಪಯೋಗವಿಲ್ಲ. ಹಿರಿಯರ ಹೇಳಿಕೆಯೆಂದು ಕಡತಕ್ಕೆ ಸೇರುವ ಹಾಳೆಗಳನ್ನು ನೋಡಿದರೆ, ತಾಲ್ಲೂಕು ಕೇಂದ್ರದ ಜೆರಾಕ್ಸ್ ಅಂಗಡಿಯಲ್ಲಿ ಬೆರಳಚ್ಚಾದ ಒಂದೇ ವಾಕ್ಯ ಹೆಸರಷ್ಟೇ ಬದಲಾಗಿ ಎಲ್ಲದರಲ್ಲೂ ಇರುತ್ತದೆ: ‘ನಾವು ಅನಾದಿ ಕಾಲದಿಂದಲೂ ಸದರಿ ಅರಣ್ಯದಲ್ಲಿ ವಾಸವಾಗಿರುತ್ತೇವೆ.’ ಇಂಥ ಹೇಳಿಕೆಯನ್ನು ತಿರಸ್ಕರಿಸುವುದು ಯಾವ ಅಧಿಕಾರಿಗೂ ಕಷ್ಟವಲ್ಲ. ಅದೇ ಅಜ್ಜನನ್ನು ಹಳೆಯ ಹಾಡಿಯ ಜಾಗಕ್ಕೆ ಕರೆದೊಯ್ದು ಕೂರಿಸಿ ಕೇಳಿದರೆ ಬರುವ ಮಾತೇ ಬೇರೆ. ಕಾಕನಕೋಟೆಯಲ್ಲಿ ಕಾಡಾನೆ ಹಿಡಿಯುವ ಕೊನೆಯ ಖೆಡ್ಡಾ ನಡೆದಾಗ ತನ್ನ ಮದುವೆಯಾಗಿರಲಿಲ್ಲ, ಕಬಿನಿ ಕಟ್ಟೆಯ ನೀರು ನಿಂತಾಗ ಮೊದಲ ಮಗು ಇತ್ತು, ಆ ಮಗುವನ್ನು ಹೂತದ್ದು ಹಳ್ಳದ ಆಚೆ ಬದಿಯ ಕಲ್ಲಿನ ಬಳಿ ಎಂದು ಆತ ಹೇಳಬಲ್ಲ. ಕೊನೆಯ ಖೆಡ್ಡಾ 1971ರದು, ಕಬಿನಿ ಅಣೆಕಟ್ಟೆ ಮುಗಿದದ್ದು 1974ರಲ್ಲಿ. ಇಸವಿ ಗೊತ್ತಿಲ್ಲದ ಮನುಷ್ಯ ಇಸವಿಯನ್ನು ಇಷ್ಟು ನಿಖರವಾಗಿ ಕೊಟ್ಟ ಮೇಲೆ, ಆ ಕಲ್ಲನ್ನು ಜಿಪಿಎಸ್‌ನಲ್ಲಿ ಗುರುತಿಸಿ, ಫೋಟೊ ತೆಗೆದು, ಹೇಳಿಕೆಯನ್ನು ಅವನದೇ ಮಾತಿನಲ್ಲಿ ಬರೆದು ಓದಿ ಹೇಳಿ ಹೆಬ್ಬೆಟ್ಟು ಪಡೆದರೆ, ಹಿರಿಯರ ಹೇಳಿಕೆ ಮತ್ತು ಸ್ಮಶಾನ ಎಂಬ ಎರಡು ಸಾಕ್ಷ್ಯಗಳು ಒಂದೇ ದಿನದಲ್ಲಿ ಸಿದ್ಧವಾಗುತ್ತವೆ. ಬಿಳಿಗಿರಿರಂಗನಬೆಟ್ಟದ ಸೋಲಿಗರು ತಮ್ಮ ಕುಲಗಳ ಎಲ್ಲೆಗಳನ್ನೂ ದೇವರ ತಾಣಗಳನ್ನೂ ಹೀಗೆಯೇ ನಕ್ಷೆಗೆ ಇಳಿಸಿದ್ದರು. ಹುಲಿ ಮೀಸಲು ಪ್ರದೇಶವೆಂದು ಘೋಷಣೆಯಾದ ವರ್ಷವೇ, ಅಂದರೆ 2011ರಲ್ಲೇ, ಅಲ್ಲಿನ ಹಲವು ಪೋಡುಗಳಿಗೆ, ಅಂದರೆ ಸೋಲಿಗರ ಊರುಗಳಿಗೆ, ಸಮುದಾಯ ಹಕ್ಕುಪತ್ರ ದೊರೆತಿತ್ತು.

ಹೆಚ್ಚಿನವರು ಕಡೆಗಣಿಸುವ ಇನ್ನೊಂದು ಮೂಲವೆಂದರೆ ಅರಣ್ಯ ಇಲಾಖೆಯ ಸ್ವಂತ ಕಪಾಟು. ಜೇನು ಕೊಯ್ದುದಕ್ಕೆ, ಸೌದೆ ತಂದುದಕ್ಕೆ ಹಾಕಿದ ಹಳೆಯ ಮೊಕದ್ದಮೆ ಮತ್ತು ದಂಡದ ರಸೀದಿ ಆ ವ್ಯಕ್ತಿ ಆ ವರ್ಷ ಆ ಕಾಡಿನಲ್ಲಿದ್ದ ಎಂಬುದಕ್ಕೆ ಇಲಾಖೆಯೇ ಬರೆದುಕೊಟ್ಟ ಚೀಟಿ. ಅವುಗಳನ್ನಷ್ಟೇ ಆಧರಿಸಿ ಅರ್ಜಿಯನ್ನು ತಿರಸ್ಕರಿಸುವಂತಿಲ್ಲ ಎಂದು ನಿಯಮ ಹೇಳುತ್ತದೆ, ಅರ್ಜಿದಾರರು ಅವುಗಳನ್ನು ತಮ್ಮ ಪರವಾಗಿ ಬಳಸುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಕಾಡಿನ ನಿರ್ವಹಣೆಗೆ ಇಲಾಖೆ ಬರೆದಿಟ್ಟ ಕಾರ್ಯಯೋಜನೆಗಳು, ಹಳೆಯ ನಕ್ಷೆಗಳು, ಆನೆ ಶಿಬಿರದ ಕೂಲಿ ಪಟ್ಟಿಗಳು ಇದ್ದರೆ ಅವೂ ಇದೇ ಸಾಲಿಗೆ ಸೇರುತ್ತವೆ.

2024ರಲ್ಲಿ ಬ್ರಿಟಿಷ್ ಕೊಲಂಬಿಯಾ ಸರ್ಕಾರ ಹೈದಾ ಗ್ವಾಯ್ ದ್ವೀಪಸಮೂಹದ ಮೇಲೆ ಹೈದಾ ಜನರ ಒಡೆತನವನ್ನು ನ್ಯಾಯಾಲಯದ ತೀರ್ಪಿಗೆ ಕಾಯದೆ ಒಪ್ಪಂದದ ಮೂಲಕವೇ ಮಾನ್ಯ ಮಾಡಿತು. ಸರ್ಕಾರ ಮನಸ್ಸು ಮಾಡಿದರೆ ಸಾಬೀತಿನ ಹೊರೆಯನ್ನು ಸಂತ್ರಸ್ತರ ತಲೆಯಿಂದ ಇಳಿಸಬಹುದು ಎಂಬುದಕ್ಕೆ ಇದು ಸಾಕ್ಷಿ. ನಮ್ಮಲ್ಲಿ ಅಷ್ಟು ದೂರ ಹೋಗುವ ಲಕ್ಷಣ ಕಾಣುತ್ತಿಲ್ಲವಾದರೂ, ಹೊರೆಯ ಒಂದು ತುದಿಯನ್ನಾದರೂ ಸರ್ಕಾರದ ಹೆಗಲಿಗೆ ದಾಟಿಸುವ ಅವಕಾಶ ಈಗಿರುವ ನಿಯಮದಲ್ಲೇ ಇದೆ. ಗ್ರಾಮಸಭೆ ಅಥವಾ ಅರಣ್ಯ ಹಕ್ಕು ಸಮಿತಿ ಲಿಖಿತವಾಗಿ ಕೇಳಿದರೆ ಸಂಬಂಧಪಟ್ಟ ಅಧಿಕಾರಿಗಳು ದಾಖಲೆಗಳ ದೃಢೀಕೃತ ಪ್ರತಿಗಳನ್ನು ಒದಗಿಸಲೇಬೇಕು. ಆದ್ದರಿಂದ ಅರ್ಜಿ ನಮೂನೆ ತುಂಬುವ ಮೊದಲೇ ಗ್ರಾಮಸಭೆಯ ನಿರ್ಣಯದೊಂದಿಗೆ ಈ ಕೋರಿಕೆ ಪತ್ರವನ್ನು ವಲಯ ಅರಣ್ಯಾಧಿಕಾರಿ ಮತ್ತು ತಹಶೀಲ್ದಾರರ ಕಚೇರಿಗಳಿಗೆ ಕೊಟ್ಟು, ಮೊಹರು ಹಾಕಿದ ಸ್ವೀಕೃತಿ ಪಡೆದುಕೊಳ್ಳಿ ಎಂದು ನಾನು ಪ್ರತಿ ಹಾಡಿಯಲ್ಲೂ ಹೇಳುತ್ತೇನೆ. ದಾಖಲೆ ಬಂದರೆ ಅದು ಸಾಕ್ಷ್ಯವಾಗುತ್ತದೆ. ಬಾರದಿದ್ದರೆ, ಮುಂದೆ ಅರ್ಜಿ ತಿರಸ್ಕೃತವಾಗಿ ಅರವತ್ತು ದಿನಗಳ ಒಳಗೆ ಮೇಲ್ಮನವಿ ಸಲ್ಲಿಸುವಾಗ, ಇಲಾಖೆ ತನ್ನ ಬಳಿಯಿದ್ದ ಕಾಗದವನ್ನು ಕೊಡದೆ ಜನರ ಬಳಿ ಕಾಗದವಿಲ್ಲ ಎಂದಿತೆನ್ನಲು ಆ ಸ್ವೀಕೃತಿಯೇ ಮೊದಲ ಲಗತ್ತಾಗುತ್ತದೆ.