ಬೆಟ್ಟ ಹತ್ತಿದ ಒಂಬತ್ತು ಕೆಜಿ ಅಕ್ಕಿ

"ಏನೂ ಬದಲಾಯಿಸಿಲ್ಲ ಮೇಡಂ. ಅದೇ ಊಟ, ಅದೇ ವಾಕಿಂಗ್. ಆದ್ರೂ ತೂಕ ನಿಂತುಬಿಟ್ಟಿದೆ."

ಡಯಟಿಷಿಯನ್ ಆಗಿ ಈ ಮಾತನ್ನು ವಾರಕ್ಕೆ ಮೂರು ನಾಲ್ಕು ಸಲವಾದರೂ ಕೇಳುತ್ತೇನೆ. ದೇಹ ಕೊಟ್ಟ ಮಾತಿಗೆ ತಪ್ಪಿದೆ ಅನ್ನೋ ದೂರು ಅದರಲ್ಲಿರುತ್ತದೆ. ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ. "ಅದಕ್ಕೇ ರಾತ್ರಿ ಊಟ ಬಿಟ್ಟಿದೀನಿ."

ನನಗೆ ತಲೆ ಕೆಡುವುದು ಇಲ್ಲೇ.

ಏನೂ ಬದಲಾಗಿಲ್ಲ ಅನ್ನೋದು ನಿಜವಲ್ಲ. ನೀವು ಬದಲಾಗಿದ್ದೀರಿ. ನಾನು ಊಟದ ಪಟ್ಟಿ ಬರೆದುಕೊಟ್ಟಾಗ ನೀವು 84 ಕೆಜಿ ಇದ್ದಿರಿ ಅನ್ನಿ. ಈಗ 75. ಆ ಪಟ್ಟಿ 84 ಕೆಜಿಯವರದ್ದು. ದೊಡ್ಡ ಮೈ ಸುಮ್ನೆ ಮಲಗಿದ್ದರೂ ಜಾಸ್ತಿ ಕ್ಯಾಲೊರಿ ಖರ್ಚು ಮಾಡುತ್ತದೆ, ನಡೆದರಂತೂ ಇನ್ನೂ ಜಾಸ್ತಿ. ಮೈ ಇಳಿದ ಹಾಗೆ ಖರ್ಚೂ ಇಳಿಯುತ್ತದೆ. ಒಂದು ಕೆಜಿ ಇಳಿದರೆ ದಿನದ ಖರ್ಚಿನಲ್ಲಿ ಸುಮಾರು 20ರಿಂದ 30 ಕ್ಯಾಲೊರಿ ಕಡಿಮೆಯಾಗುತ್ತದೆ. ಒಂಬತ್ತು ಕೆಜಿಗೆ ಲೆಕ್ಕ ಹಾಕಿ. ದಿನಕ್ಕೆ ಮೂರು ಇಡ್ಲಿಗಿಂತ ಮೇಲೇ ಆಯಿತು. ಅಷ್ಟರಲ್ಲಿ ಹಸಿವು ಮಾತ್ರ ಏರಿರುತ್ತದೆ. ನಮಗೇ ಗೊತ್ತಿಲ್ಲದೆ ಓಡಾಟವೂ ತಗ್ಗಿರುತ್ತದೆ. ಮೊದಲು ತಾವೇ ಎದ್ದು ನೀರು ತರುತ್ತಿದ್ದವರು ಈಗ ಮಗಳನ್ನು ಕೂಗುತ್ತಾರೆ.

ಹೀಗೇ 84ರಿಂದ 75ಕ್ಕೆ ಇಳಿದು ನಿಂತವರು, ಮೈಸೂರಿನಲ್ಲಿ ನನ್ನ ಹತ್ತಿರ ಬರುತ್ತಿದ್ದ ಒಬ್ಬರು ನಿವೃತ್ತ ಬ್ಯಾಂಕ್ ಮ್ಯಾನೇಜರ್. ಪ್ರತಿ ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವವರು. "ಮೊದಲು ನಂದಿ ಹತ್ರ ಹೋಗೋಷ್ಟರಲ್ಲಿ ಏದುಸಿರು ಬರ್ತಿತ್ತು. ಈಗ ಆರಾಮಾಗಿ ಹೋಗ್ತೀನಿ. ಮತ್ತೆ ತೂಕ ಯಾಕೆ ಇಳೀತಿಲ್ಲ?" ಎಂದು ವಾದಕ್ಕೆ ಕೂತರು. ಆರಾಮಾಗಿ ಹೋಗ್ತಿದೀರಲ್ಲ ಸರ್, ಅದೇ ಕಾರಣ ಎಂದೆ. ಅಭ್ಯಾಸವೂ ಆಗಿದೆ, ಹೊರೆಯೂ ಕಡಿಮೆಯಾಗಿದೆ. ಒಪ್ಪಲಿಲ್ಲ. ಮೂರು ಸಲ ಹೇಳಿದ ಮೇಲೆ ನನಗೂ ತಾಳ್ಮೆ ಹೋಯಿತು. "ಒಂದು ದಿನ ಬ್ಯಾಗಿನಲ್ಲಿ ಒಂಬತ್ತು ಕೆಜಿ ಅಕ್ಕಿ ಹೊತ್ಕೊಂಡು ಹತ್ತಿ ನೋಡಿ, ಆಮೇಲೆ ಮಾತಾಡೋಣ" ಎಂದುಬಿಟ್ಟೆ. ತಮಾಷೆಗೆ ಹೇಳಿದ್ದು. ಮಂಡಿ ನೋವು, ಬಿಪಿ, ಹೃದಯದ ತೊಂದರೆ ಇರುವವರು ದಯವಿಟ್ಟು ಇದನ್ನು ಮಾಡಬೇಡಿ.

ಹಾಗಂತ ತೂಕದ ಮಷಿನ್ ಎರಡು ವಾರ ಅಲ್ಲಾಡದಿದ್ದರೆ ನಿಂತೇಹೋಯಿತು ಅಂತಲ್ಲ. ಹೊಸದಾಗಿ ಭಾರ ಎತ್ತಲು ಶುರು ಮಾಡಿದವರ ಸ್ನಾಯುಗಳಲ್ಲಿ ನೀರು ನಿಲ್ಲುತ್ತದೆ. ಮುಟ್ಟಿನ ಹಿಂದಿನ ದಿನಗಳಲ್ಲೂ ಅಷ್ಟೇ. ಮದುವೆ ಮನೆ ಊಟದ ಉಪ್ಪೂ ನೀರು ಹಿಡಿದಿಡುತ್ತದೆ. ಮೊದಲ ತಿಂಗಳು ಸರಸರ ಇಳಿದಿದ್ದರಲ್ಲೂ ಒಂದು ಪಾಲು ನೀರೇ. ಆ ವೇಗವನ್ನು ಆರನೇ ತಿಂಗಳಲ್ಲಿ ಕೇಳಬಾರದು. ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ, ಅದೇ ಮಷಿನ್ ಮೇಲೆ ನೋಡಿ. ಸೊಂಟಕ್ಕೆ ಟೇಪ್ ಹಿಡಿಯಿರಿ. ಮೂರು ನಾಲ್ಕು ವಾರವಾದರೂ ಎರಡೂ ಅಲ್ಲಾಡದಿದ್ದರೆ ಆಗ ಅಡುಗೆಮನೆಗೆ ಹೋಗೋಣ.

ಅಡುಗೆಮನೆಯಲ್ಲಿ ನಾನು ಮೊದಲು ಕೇಳುವುದು ಎಣ್ಣೆಯನ್ನು. "ಒಗ್ಗರಣೆಗೆ ಒಂದು ಚಮಚ ಅಷ್ಟೇ" ಎಂದು ಎಲ್ಲರೂ ಹೇಳುತ್ತಾರೆ. ಯಾರೂ ಸುಳ್ಳು ಹೇಳುವುದಿಲ್ಲ, ಚಮಚದ ಗಾತ್ರ ಮಾತ್ರ ಮನೆಮನೆಗೆ ಬೇರೆ. ಹಾಗಾಗಿ ದಿನಸಿ ಚೀಟಿ ತರಲು ಹೇಳುತ್ತೇನೆ. ಮ್ಯಾನೇಜರ್ ಮನೆಯಲ್ಲಿ ನಾಲ್ಕು ಜನ, ತಿಂಗಳಿಗೆ ಐದು ಲೀಟರ್. ಲೆಕ್ಕ ಅವರೇ ಹಾಕಿದರು. ಒಬ್ಬರಿಗೆ ದಿನಕ್ಕೆ ಸುಮಾರು 38 ಗ್ರಾಂ. ಗ್ರಾಂಗೆ 9 ಕ್ಯಾಲೊರಿಯಂತೆ 340ರಷ್ಟು. ಕರಿದು ಉಳಿದಿದ್ದನ್ನು ಚೆಲ್ಲುತ್ತಾರೆ, ಸ್ವಲ್ಪ ಕಡಿಮೆ ಹಿಡಿಯಿರಿ. ಆದರೂ ಅವರ ಪಟ್ಟಿಯಲ್ಲಿ ನಾನು ಬರೆದಿದ್ದು 20 ಗ್ರಾಂ. ಚಟ್ನಿಪುಡಿಗೆ ಕಲಸುವ ಎಣ್ಣೆ, ಅನ್ನಕ್ಕೆ ಬೀಳುವ ತುಪ್ಪ, ಟಿವಿ ಮುಂದೆ ಖಾಲಿಯಾಗುವ ಹುರಿದ ಕಡಲೆಕಾಯಿ ಬೀಜ ಯಾರ ಲೆಕ್ಕದಲ್ಲೂ ಇರುವುದಿಲ್ಲ.

ಎಣ್ಣೆಯನ್ನು ಬಿಟ್ಟು ಮುದ್ದೆಯನ್ನು ಕಡಿತ ಮಾಡುತ್ತಾರಲ್ಲ, ಅದು ನನಗೆ ಅರ್ಥವಾಗಿಲ್ಲ. ರಾತ್ರಿ ಊಟ ಬಿಟ್ಟವರು ಹನ್ನೊಂದು ಗಂಟೆಗೆ ಡಬ್ಬ ತಡಕುತ್ತಾರೆ. ಊಟ ತೀರಾ ಕಮ್ಮಿಯಾದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಹುರುಳಿ, ಹೆಸರುಕಾಳು, ಮೊಸರು, ಮೊಟ್ಟೆ ತಟ್ಟೆಯಲ್ಲಿ ಹೆಚ್ಚಲಿ, ವಾರಕ್ಕೆ ಎರಡು ದಿನ ಭಾರ ಎತ್ತುವ ವ್ಯಾಯಾಮ ಇರಲಿ ಎನ್ನುವುದು ಅದಕ್ಕೇ. ಕಿಡ್ನಿ ತೊಂದರೆ ಇದ್ದರೆ ಕಾಳು ಹೆಚ್ಚಿಸುವ ಮುಂಚೆ ಡಾಕ್ಟರನ್ನು ಕೇಳಿ. ಇನ್ಸುಲಿನ್ ಅಥವಾ ಸಕ್ಕರೆ ಮಾತ್ರೆ ತಗೊಳ್ಳುವವರು ತಮ್ಮಷ್ಟಕ್ಕೇ ಊಟ ಬಿಟ್ಟರೆ ಅಪಾಯ. ವಿಪರೀತ ಸುಸ್ತು, ಕೂದಲು ಉದುರುವುದು ಇದ್ದರೆ ಥೈರಾಯ್ಡ್ ನೋಡಿಸಿ. ಜೀರಿಗೆ ನೀರಿನ ಬಗ್ಗೆ ದಯವಿಟ್ಟು ನನ್ನನ್ನು ಕೇಳಬೇಡಿ.

ಇನ್ನೊಂದು ದಾರಿಯೂ ಇದೆ, ಯಾರಿಗೂ ಹಿಡಿಸುವುದಿಲ್ಲ. ಅಲ್ಲೇ ನಿಲ್ಲುವುದು. ನೂರಕ್ಕೆ ಐದರಿಂದ ಹತ್ತರಷ್ಟು ತೂಕ ಇಳಿದರೂ ಸಕ್ಕರೆ, ಬಿಪಿ ಸುಧಾರಿಸುವುದುಂಟು. ಮ್ಯಾನೇಜರ್ ಅದಾಗಲೇ ಹತ್ತು ದಾಟಿದ್ದರು. ಎರಡು ತಿಂಗಳು 75ರಲ್ಲೇ ಇರಿ ಎಂದೆ. ಸೋತವರ ಹಾಗೆ ಮುಖ ಮಾಡಿದರು.

ಮುಂದಿನ ಸೋಮವಾರ ಫೋನ್ ಬಂತು. ನಿಜವಾಗಿಯೂ ಅಕ್ಕಿ ಹೊತ್ತು ಹತ್ತಿದ್ದರು! ನಂದಿ ಹತ್ತಿರ ಎರಡು ಸಲ ಕೂತರಂತೆ. ಮೇಲೆ ಹೋಗಿ ಅಕ್ಕಿಯನ್ನು ದಾಸೋಹಕ್ಕೆ ಕೊಟ್ಟರಂತೆ. "ಇಷ್ಟನ್ನ ದಿನಾ ಹೊತ್ಕೊಂಡು ಓಡಾಡ್ತಿದ್ನಾ ನಾನು?" ಎಂದರು. ಹಿಂದಿನಿಂದ ಅವರ ಹೆಂಡತಿಯ ದನಿ ಕೇಳಿಸಿತು: "ಮೇಡಂಗೆ ಹೇಳ್ರಿ, ಮುಂದಿನ ವಾರ ಎಣ್ಣೆ ಕ್ಯಾನ್ ಹೊತ್ಕೊಂಡು ಹೋಗ್ತೀರಂತೆ."