ಎರಡು ಇಂಚು ತಾಮ್ರದ ಗೆರೆ

ರಾಸ್ಪ್‌ಬೆರಿ ಪೈ ಕಂಪ್ಯೂಟ್ ಮಾಡ್ಯೂಲ್ 4 ಎಂಬ ಪುಟ್ಟ ಕಂಪ್ಯೂಟರ್ ಅಂಗೈ ಮೇಲೆ ಆರಾಮಾಗಿ ಕೂರುತ್ತದೆ. ಉದ್ದ 55 ಮಿ.ಮೀ., ಅಗಲ 40. ಪ್ರೊಸೆಸರ್, ಮೆಮೊರಿ, ಕೇಬಲ್ ಮೂಲಕ ನೆಟ್‌ವರ್ಕ್ ಸೇರಿಸುವ ಈಥರ್ನೆಟ್ ಚಿಪ್ ಎಲ್ಲವೂ ಅದರಲ್ಲೇ ಇವೆ. ನೆಟ್‌ವರ್ಕ್ ಕೇಬಲ್ ಚುಚ್ಚಲು ಮಾತ್ರ ಜಾಗವಿಲ್ಲ. ಸಾಕೆಟ್ಟನ್ನು ನಮ್ಮ ಸರ್ಕ್ಯೂಟ್ ಬೋರ್ಡಿನ ಮೇಲೆ ನಾವೇ ಕೂರಿಸಬೇಕು. ನಡುವೆ ಎಂಟು ತಾಮ್ರದ ಗೆರೆ ಎಳೆದರಾಯಿತು, ಎರಡು ಇಂಚಿನ ಕೆಲಸ ಅಲ್ವಾ?

ಆ ಎಂಟು ಗೆರೆ ನಿಜಕ್ಕೂ ನಾಲ್ಕು ಜೋಡಿ. ಗಿಗಾಬಿಟ್ ವೇಗದಲ್ಲಿ ಪ್ರತಿ ಜೋಡಿಯ ಮೇಲೂ ಸೆಕೆಂಡಿಗೆ 12.5 ಕೋಟಿ ಸಂಕೇತಗಳು ಓಡುತ್ತವೆ, ಅದೂ ಒಂದೇ ಸಮಯಕ್ಕೆ ಎರಡೂ ದಿಕ್ಕಿಗೆ. ಈ ಮಾಡ್ಯೂಲಿನ ಡೇಟಾಶೀಟ್‌ನಲ್ಲಿ, ಅಂದರೆ ತಯಾರಕರ ವಿವರಪತ್ರದಲ್ಲಿ, ಎರಡು ಅಳತೆ ಇವೆ. ಒಂದು ಜೋಡಿಗೂ ಇನ್ನೊಂದು ಜೋಡಿಗೂ ಉದ್ದದಲ್ಲಿ 50 ಮಿ.ಮೀ. ತನಕ ವ್ಯತ್ಯಾಸ ಇದ್ದರೂ ನಡೆಯುತ್ತದೆ. ಒಂದೇ ಜೋಡಿಯ ಎರಡು ಗೆರೆಗಳ ನಡುವೆ ಮಾತ್ರ 0.15 ಮಿ.ಮೀ. ದಾಟದಿದ್ದರೆ ಒಳ್ಳೆಯದು. ಅಲ್ಲಿ ಅಷ್ಟು ಸಡಿಲ, ಇಲ್ಲಿ ಇಷ್ಟು ಬಿಗಿ. ಯಾಕೆ?

ಒಂದು ನೆಟ್‌ವರ್ಕ್ ಕೇಬಲ್ ಸುಲಿದು ನೋಡಿ. ನಾಲ್ಕು ಜೋಡಿಗಳ ಹುರಿ ಒಂದೊಂದು ಥರ. ಹುರಿ ಬಿಗಿಯಾದಷ್ಟೂ ತಂತಿ ಜಾಸ್ತಿ ಬೇಕು. ಹಾಗಾಗಿ ನಾಲ್ಕೂ ಜೋಡಿಯ ಸಂಕೇತಗಳು ಒಟ್ಟಿಗೆ ಮುಟ್ಟುವುದೇ ಇಲ್ಲ. ಚಿಪ್‌ಗೆ ಇದು ಗೊತ್ತು, ಕಾದು ಎಲ್ಲವನ್ನೂ ಸರಿಹೊಂದಿಸಿಕೊಳ್ಳುತ್ತದೆ. ಬೋರ್ಡಿನ ಮೇಲಿನ ಒಂದೆರಡು ಸೆಂಟಿಮೀಟರ್ ಅದಕ್ಕೆ ಲೆಕ್ಕವೇ ಅಲ್ಲ.

ಜೋಡಿಯ ಒಳಗಿನ ಮಾತೇ ಬೇರೆ. ಅಲ್ಲಿ ಒಂದು ಗೆರೆ ಎಷ್ಟು ಏರುತ್ತದೋ ಇನ್ನೊಂದು ಅಷ್ಟೇ ಇಳಿಯಬೇಕು. ಆಗ ಒಂದರ ಗದ್ದಲ ಇನ್ನೊಂದರಲ್ಲಿ ಅಡಗಿಹೋಗುತ್ತದೆ. ನೊಗಕ್ಕೆ ಕಟ್ಟಿದ ಎತ್ತುಗಳ ಹಾಗೆ ಇವು. ಒಂದು ಹಿಂದೆ ಬಿದ್ದರೆ ನೊಗ ಓರೆಯಾಗುತ್ತದೆ. ಅಡಗದೆ ಉಳಿದ ಗದ್ದಲ ಕೇಬಲ್ಲಿಗೆ ಹತ್ತಿ, ಇಡೀ ಕೇಬಲ್ಲೇ ಆಂಟೆನಾ ಆಗುತ್ತದೆ. ಇದನ್ನು ಆಮೇಲೆ ಯಾವ ಚಿಪ್ಪೂ ಸರಿಮಾಡಲಾರದು.

ಹಾಳಾದ ಸಾಕೆಟ್ ಒಂದನ್ನು ಒಮ್ಮೆ ಒಡೆದು ನೋಡಿದ್ದೆ. ಒಳಗೆ ಮೆಂತ್ಯ ಕಾಳಿಗಿಂತ ತುಸು ದಪ್ಪದ ಫೆರೈಟ್ (ಕಾಂತೀಯ ವಸ್ತು) ಉಂಗುರಗಳು, ಸುತ್ತ ಕೂದಲೆಳೆಯಂಥ ತಾಮ್ರದ ತಂತಿ. ಇವೇ ಟ್ರಾನ್ಸ್‌ಫಾರ್ಮರ್‌ಗಳು. ಕೇಬಲ್ಲಿನ ಎರಡು ತುದಿ ಎರಡು ಕಟ್ಟಡಗಳಲ್ಲಿ ಇರಬಹುದು, ಅವುಗಳ ಅರ್ತಿಂಗ್ ಸುಮ್ನೆ ಒಂದೇ ಅಂದುಕೊಳ್ಳುವ ಹಾಗಿಲ್ಲ. ಅದಕ್ಕೇ ಈ ಟ್ರಾನ್ಸ್‌ಫಾರ್ಮರ್‌ಗಳು: ಸಂಕೇತ ದಾಟುತ್ತದೆ, ತಂತಿಗೆ ತಂತಿ ಮುಟ್ಟುವುದಿಲ್ಲ. ಪರೀಕ್ಷೆಯಲ್ಲಿ ಈ ತಡೆ 1500 ವೋಲ್ಟನ್ನು ಒಂದು ನಿಮಿಷ ತಾಳಬೇಕು.

ಜೋಡಿಗೊಂದರಂತೆ ಇರುವ ಪ್ರತಿ ಟ್ರಾನ್ಸ್‌ಫಾರ್ಮರ್‌ನ ಸುರುಳಿಯ ನಡುವಿನಿಂದಲೂ ಒಂದು ತುದಿ ಹೊರಗೆ ಬರುತ್ತದೆ. ಕೆಲವು ಚಿಪ್‌ಗಳಿಗೆ ಆ ತುದಿಗೆ ಕರೆಂಟ್ ಕೊಡಬೇಕು, ಕೆಲವಕ್ಕೆ ಕೊಡಲೇಬಾರದು. ಬೇರೊಂದು ಚಿಪ್ ಇದ್ದ ನನ್ನ ಹಳೇ ಬೋರ್ಡಿನಲ್ಲಿ, ಇನ್ಯಾವುದೋ ನಕ್ಷೆ ನೋಡಿ ನಾಲ್ಕೂ ತುದಿಗಳನ್ನು ಸೇರಿಸಿ 3.3 ವೋಲ್ಟ್ ಕೊಟ್ಟಿದ್ದೆ. ನೆಟ್‌ವರ್ಕ್ ಸಂಪರ್ಕ ಬರುತ್ತಿತ್ತು, ಹೋಗುತ್ತಿತ್ತು. ಎರಡು ದಿನ ಕೇಬಲ್ ಬದಲಿಸುತ್ತಾ ಕೂತೆ. ಕೊನೆಗೆ ಬ್ಲೇಡಿನಲ್ಲಿ ಗೆರೆ ಕೊಯ್ದು ನಾಲ್ಕೂ ತುದಿ ಬೇರೆ ಮಾಡಿದೆ. ಒಂದೊಂದರಿಂದ ಗ್ರೌಂಡಿಗೆ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಬೆಸುಗೆ ಹಾಕಿದೆ. ಕೇಬಲ್ ಚುಚ್ಚಿದೆ. ಹಸಿರು ದೀಪ ಹತ್ತಿತು, ಮತ್ತೆ ಆರಲಿಲ್ಲ.